ಜಾತಕ, ಆಳದ ಮನಸ್ಸು, ನನ್ನತನ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾತಕ ಹಿಡಿದು ಬರುವವರು ಮೊದಲು ಕೇಳುವುದು ಮದುವೆ, ಕೆಲಸ, ಮನೆ, ಮಕ್ಕಳ ವಿಷಯ. ಅದೆಲ್ಲ ಮುಗಿದು ಏಳುವ ಹೊತ್ತಿಗೆ ಮೆಲ್ಲಗೆ ಇನ್ನೊಂದು ಮಾತು ಬರುತ್ತದೆ: "ಎಲ್ಲಾ ಸರಿಯಾಗೇ ಇದೆ. ಆದರೂ ಯಾಕೋ ಒಳಗೆ ಜೀವವೇ ಇಲ್ಲ." ಆ ಮಾತಿನ ಸುತ್ತ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಜ್ಯೋತಿಷ್ಯವನ್ನೂ ಮನಶ್ಶಾಸ್ತ್ರವನ್ನೂ ನಾನು ಜೊತೆಯಲ್ಲಿಟ್ಟು ಓದುತ್ತೇನೆ. ಎರಡಕ್ಕೂ ಒಂದೇ ತೂಕದ ಪುರಾವೆ ಇದೆ ಎಂದು ಮಾತ್ರ ಹೇಳುವುದಿಲ್ಲ. ಯಾವುದು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಆಯಾ ಜಾಗದಲ್ಲೇ ಬರೆದಿದ್ದೇನೆ.

ಕೆಲಸ, ಸಂಸಾರ ಎಲ್ಲಾ ಇದ್ದೂ ಬದುಕು ಸಪ್ಪೆ ಅನ್ನಿಸುತ್ತದೆ. ಇದು ಕಾಯಿಲೆಯೇ?

ಇರಬಹುದು, ಇಲ್ಲದೆಯೂ ಇರಬಹುದು. ಮೊದಲು ಡಾಕ್ಟರ ಹತ್ತಿರ ತೋರಿಸಿಕೊಳ್ಳಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ನಿದ್ದೆಗೇಡು ಇವೆಲ್ಲ ಮನುಷ್ಯನನ್ನು ಹೀಗೇ ಸೊರಗಿಸುತ್ತವೆ. ಖಿನ್ನತೆಯೂ ಹೌದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಇವು ಯಾವುವೂ ಅಲ್ಲವೆಂದು ಖಾತ್ರಿಯಾದಮೇಲೂ ಉಳಿಯುವ ಸಪ್ಪೆತನ ಒಂದಿದೆಯಲ್ಲ, ಈ ಪುಟ ಅದರ ಬಗ್ಗೆ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ (1875–1961) ಇದನ್ನು ಹತ್ತಿರದಿಂದ ಕಂಡವರು. ತಮ್ಮಲ್ಲಿಗೆ ಬರುವವರ ಪೈಕಿ ಸುಮಾರು ಮೂರನೇ ಒಂದು ಭಾಗದವರಿಗೆ ಹೆಸರಿಟ್ಟು ಕರೆಯುವಂಥ ಮನೋರೋಗವೇನೂ ಇಲ್ಲ, ಬಾಳಿಗೆ ಅರ್ಥವೂ ಗುರಿಯೂ ಕಾಣದಿರುವುದೇ ಅವರ ಸಂಕಟ ಎಂದು ಅವರು ಬರೆದಿದ್ದರು. ಲಂಡನ್ನಿನಲ್ಲಿ ನಾಲ್ಕು ದಶಕ ಮಕ್ಕಳ ವೈದ್ಯರಾಗಿದ್ದ ಡಾನಲ್ಡ್ ವಿನಿಕಾಟ್ ಇದನ್ನೇ ತೊಟ್ಟಿಲಿನ ಕಡೆಯಿಂದ ನೋಡಿದರು. ಮಗು ತನ್ನಷ್ಟಕ್ಕೆ ಕೈಚಾಚಿದಾಗ, ಕೇಕೆ ಹಾಕಿದಾಗ, ಸಿಟ್ಟಾದಾಗ ಅದಕ್ಕೆ ಯಾರಾದರೂ ಓಗೊಟ್ಟರೆ ತಾನು ಇದ್ದೇನೆ ಎಂಬ ಭಾವ ಗಟ್ಟಿಯಾಗುತ್ತದೆ. ಓಗೊಡುವವರು ಇಲ್ಲದೆ, ಮಗುವೇ ದೊಡ್ಡವರ ಮುಖ ನೋಡಿ ಅದಕ್ಕೆ ತಕ್ಕಂತೆ ಇರುವುದನ್ನು ಕಲಿತರೆ, ಹೇಳಿದ ಹಾಗೆ ಕೇಳುವ ಒಂದು ಹೊರಗಿನ 'ನಾನು' ಬೆಳೆಯುತ್ತದೆ. ಒಳಗಿನದು ಅಡಗಿ ಕೂರುತ್ತದೆ. 1960ರ ಒಂದು ಪ್ರಬಂಧದಲ್ಲಿ ಅವರು ಇದನ್ನು ನಿಜದ ನಾನು, ಹುಸಿ ನಾನು ಎಂದು ವಿಂಗಡಿಸಿದರು. ಹುಸಿ ನಾನು ಕೆಟ್ಟದ್ದೆಂದು ಅವರು ಎಲ್ಲೂ ಹೇಳಲಿಲ್ಲ. ಒಳಗಿನದನ್ನು ಕಾಪಾಡಲೆಂದೇ ಅದು ಹುಟ್ಟಿದ್ದು. ತೊಂದರೆ ಏನೆಂದರೆ, ಕ್ಲಾಸಿಗೆ ಫಸ್ಟ್ ಬರುವುದು, ಪ್ರಮೋಷನ್ ಪಡೆಯುವುದು, ನಾಲ್ಕು ಜನರ ಹತ್ತಿರ ಒಳ್ಳೆಯವರೆನ್ನಿಸಿಕೊಳ್ಳುವುದು ಎಲ್ಲವನ್ನೂ ಅದೇ ಮಾಡಿ ಮುಗಿಸಿಬಿಡುತ್ತದೆ. ಗೆದ್ದದ್ದೆಲ್ಲ ಅದರ ಲೆಕ್ಕಕ್ಕೆ ಹೋಗುವುದರಿಂದ ಗೆಲುವಿನ ಸಂತೋಷ ಒಳಗೆ ಇಳಿಯುವುದಿಲ್ಲ.

ಆಳದ ಮನಶ್ಶಾಸ್ತ್ರ ಅಂದರೆ ಏನು?

ನಮಗೆ ಗೊತ್ತಿಲ್ಲದ ಹಾಗೆ ನಮ್ಮೊಳಗೆ ನಡೆಯುವುದೇ ನಮ್ಮ ನಡವಳಿಕೆಯ ದೊಡ್ಡ ಪಾಲು ಎಂದು ಹೊರಡುವ ಶಾಸ್ತ್ರ. ಫ್ರಾಯ್ಡ್, ಆಡ್ಲರ್, ಯೂಂಗ್ ಇದರ ಮೊದಲ ತಲೆಮಾರು. ನಮ್ಮ ದೇಶಕ್ಕೂ ಇದು ಬೇಗನೆ ಬಂತು; ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದ್ದರು.

ಈ ಪುಟಕ್ಕೆ ಬೇಕಾದದ್ದು ಯೂಂಗರ ಎರಡು ಮೂರು ಮಾತು ಮಾತ್ರ. ಸಮಾಜದ ಎದುರು ತೋರಿಸುವ ಮುಖವನ್ನು ಅವರು ಮುಖವಾಡ ಎಂದರು. ಆ ಮುಖಕ್ಕೆ ಹೊಂದದೆ ಒಳಗೆ ತಳ್ಳಿದ್ದನ್ನು ನೆರಳು ಎಂದರು. ನೆರಳಿನಲ್ಲಿ ಇರುವುದೆಲ್ಲ ಕೊಳಕಲ್ಲ. ಮನೆಯವರಿಗೆ ಇಷ್ಟವಾಗದ ನಮ್ಮ ಪ್ರತಿಭೆ, ಧೈರ್ಯ, ಆಸೆಗಳೂ ಅಲ್ಲೇ ಬಿದ್ದಿರುತ್ತವೆ. ಫ್ರಾಯ್ಡ್ ಲೈಂಗಿಕ ಶಕ್ತಿ ಎಂದು ಕಂಡದ್ದನ್ನು ಯೂಂಗ್ 1912ರ ಹೊತ್ತಿಗೆ ಒಟ್ಟಾರೆ ಜೀವಶಕ್ತಿ ಎಂದು ವಿಸ್ತರಿಸಿದರು, ಇಬ್ಬರೂ ಬೇರೆಯಾಗಲು ಅದೂ ಒಂದು ಕಾರಣವಾಯಿತು. ಆ ಶಕ್ತಿ ನಾಶವಾಗುವುದಿಲ್ಲ, ಮೇಲಿನಿಂದ ಮಾಯವಾದರೆ ಕೆಳಗೆ ಎಲ್ಲೋ ಸೇರಿಕೊಂಡಿರುತ್ತದೆ ಎಂಬುದು ಅವರ ನಂಬಿಕೆ. ಸುಸ್ತಾದವರಿಗೆ ಇದಕ್ಕಿಂತ ಭರವಸೆಯ ಮಾತು ಇನ್ನೊಂದಿದೆ ಎಂದು ನನಗೆ ಅನ್ನಿಸಿಲ್ಲ.

ಇದಕ್ಕೂ ಜ್ಯೋತಿಷ್ಯಕ್ಕೂ ನಂಟು ಬಂದದ್ದು ಹೇಗೆ?

ಯೂಂಗ್ 1911ರ ಜೂನ್‌ನಲ್ಲಿ ಫ್ರಾಯ್ಡ್‌ಗೆ ಒಂದು ಪತ್ರ ಬರೆದರು. ಸಂಜೆಯ ಹೊತ್ತು ಜ್ಯೋತಿಷ್ಯದಲ್ಲೇ ಕಳೆಯುತ್ತಿದೆ, ಮನಸ್ಸಿನ ಸತ್ಯಕ್ಕೆ ಸುಳಿವು ಸಿಗಬಹುದೆಂದು ಜಾತಕಗಳನ್ನು ಗುಣಿಸುತ್ತಿದ್ದೇನೆ ಎಂಬುದು ಅದರ ಸಾರ. ಮುಂದೆ ಅವರ ಮಗಳು ಗ್ರೇಟ್ ಜ್ಯೋತಿಷಿಯೇ ಆದರು.

ಕನ್ನಡ ನಾಡಿಗೂ ಈ ಕಥೆಯಲ್ಲಿ ಒಂದು ಜಾಗವಿದೆ. ಬೆಂಗಳೂರಿನ ಬಿ.ವಿ. ರಾಮನ್ ಅವರ ಹೆಸರು ಹಳಬರಿಗೆ ಚೆನ್ನಾಗಿ ಗೊತ್ತು. ತಾತ ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ಶುರುಮಾಡಿದ್ದ ಇಂಗ್ಲಿಷ್ ಜ್ಯೋತಿಷ್ಯ ಪತ್ರಿಕೆಗೆ 1936ರಲ್ಲಿ ಮರುಜೀವ ಕೊಟ್ಟು ದಶಕಗಳ ಕಾಲ ನಡೆಸಿದವರು ಅವರು. ಜ್ಯೋತಿಷ್ಯದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ರಾಮನ್ ಕೇಳಿದ್ದಕ್ಕೆ ಯೂಂಗ್ 1947ರ ಸೆಪ್ಟೆಂಬರ್ 6ರಂದು ಉತ್ತರ ಬರೆದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಮೂರು ವಾರ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದರಲ್ಲಿ ಆಸಕ್ತಿ ಇದೆ, ರೋಗಿಯ ಮನಸ್ಸು ಅರ್ಥವಾಗದೆ ಕಗ್ಗಂಟಾದಾಗ ಬೇರೊಂದು ಕೋನದಿಂದ ನೋಡಲು ಜಾತಕ ತರಿಸುತ್ತೇನೆ ಎಂದರು. ಗ್ರಹಗಳೆಂದರೆ ದೇವತೆಗಳು, ಸುಪ್ತ ಮನಸ್ಸಿನ ಶಕ್ತಿಗಳ ಸಂಕೇತಗಳು ಎಂದರು. ಪತ್ರದ ಕೊನೆಯಲ್ಲಿ ಒಂದು ತಕರಾರನ್ನೂ ಇಟ್ಟರು: ಜ್ಯೋತಿಷ್ಯದ ಬರಹಗಳಲ್ಲಿ ಸಂಖ್ಯಾಶಾಸ್ತ್ರದ ವಿಧಾನ ಕಾಣುವುದಿಲ್ಲ, ಮೂಲ ಸಂಗತಿಗಳನ್ನು ಹಾಗೆ ಪರೀಕ್ಷಿಸಿ ಸ್ಥಾಪಿಸಿಲ್ಲ.

ಯೂರೋಪಿನಲ್ಲಿ ಜ್ಯೋತಿಷ್ಯ ಭವಿಷ್ಯದಿಂದ ಸ್ವಭಾವದ ಕಡೆ ತಿರುಗಿದ್ದಕ್ಕೆ ಬೇರೆ ಕಾರಣಗಳೂ ಇವೆ. ಲಂಡನ್ನಿನ ಜ್ಯೋತಿಷಿ ಅಲನ್ ಲಿಯೋ ಅವರ ಮೇಲೆ ಭವಿಷ್ಯ ಹೇಳಿದ ಆರೋಪದಲ್ಲಿ 1914 ಮತ್ತು 1917ರಲ್ಲಿ ಕೇಸು ನಡೆದು, ಎರಡನೆಯದರಲ್ಲಿ ದಂಡ ಬಿತ್ತು. ಸ್ವಭಾವವೇ ವಿಧಿ ಎಂಬುದು ಅವರ ಧೋರಣೆ. ಇನ್ನೊಬ್ಬ ಜ್ಯೋತಿಷಿ ಡೇನ್ ರುಧ್ಯಾರ್ 1930ರ ದಶಕದಲ್ಲಿ ಯೂಂಗರ ವಿಚಾರಗಳನ್ನು ಜಾತಕಕ್ಕೆ ಹೆಣೆದರು. ಯೂಂಗ್ ಪರಂಪರೆಯಲ್ಲಿ ತರಬೇತಾದ ಲಿಜ್ ಗ್ರೀನ್ 1970ರ ದಶಕದಲ್ಲಿ ಶನಿಯನ್ನು ಪಾಪಗ್ರಹದ ಪಟ್ಟದಿಂದ ಇಳಿಸಿ, ನಾವು ಎದುರಿಸಲು ಹೆದರುವ ನಮ್ಮದೇ ಭಾಗ ಎಂದು ಓದಿದರು.

ಹಾಗಾದರೆ ಜ್ಯೋತಿಷ್ಯ ನಿಜ ಎಂದು ಯೂಂಗ್ ಸಾಬೀತು ಮಾಡಿದರೇ?

ಇಲ್ಲ. ರಾಮನ್ ಅವರಿಗೆ ಬರೆದ ತಕರಾರನ್ನು ಯೂಂಗ್ ತಾವೇ ಕೈಗೆತ್ತಿಕೊಂಡರು. ಮದುವೆಯಾದ 483 ಜೋಡಿಗಳ ಜಾತಕ ಕಲೆಹಾಕಿ, ಗಂಡನ ಸೂರ್ಯ ಹೆಂಡತಿಯ ಚಂದ್ರ ಒಟ್ಟಿಗೆ ಬರುವಂಥ ಹಳೆಯ ಯೋಗಗಳು ಹೆಚ್ಚು ಕಾಣುತ್ತವೆಯೇ ಎಂದು ನೋಡಿದರು. ನಮ್ಮ ಸಾಲಾವಳಿಯ ಹಿಂದಿರುವ ನಂಬಿಕೆಗೆ ಹತ್ತಿರದ ಪ್ರಶ್ನೆಯೇ ಇದು. ಮೊದಲ 180 ಜೋಡಿಗಳಲ್ಲಿ ಫಲಿತಾಂಶ ರೋಮಾಂಚನಗೊಳಿಸುವಷ್ಟು ಚೆನ್ನಾಗಿತ್ತು. ಎರಡನೆಯ ಕಂತಿನಲ್ಲಿ ಬೇರೆ ಯೋಗ ಮೇಲೆ ಬಂತು, ಮೂರನೆಯದರಲ್ಲಿ ಮತ್ತೊಂದು. ಎಲ್ಲ ಕೂಡಿಸಿದಾಗ ಆಕಸ್ಮಿಕದ ಮಟ್ಟಕ್ಕೆ ಇಳಿಯಿತು. ಅವರು ಇದನ್ನು ಮುಚ್ಚಿಡದೆ 1952ರಲ್ಲಿ, ಭೌತವಿಜ್ಞಾನಿ ಪೌಲಿ ಜೊತೆ ತಂದ ಸಂಪುಟದಲ್ಲಿ ಪ್ರಕಟಿಸಿದರು. ಸಂಶೋಧಕನ ಉತ್ಸಾಹಕ್ಕೂ ಮೊದಲ ಫಲಿತಾಂಶಕ್ಕೂ ಅರ್ಥದ ನಂಟಿದೆ ಎಂದು ವಾದಿಸಿದರು. ಆ ವಾದವನ್ನು ನಾನು ಒಪ್ಪುವುದಿಲ್ಲ; ಅವರ ಪ್ರಾಮಾಣಿಕತೆಯನ್ನು ತುಂಬಾ ಗೌರವಿಸುತ್ತೇನೆ.

ಮುಂದಿನ ಪರೀಕ್ಷೆಗಳೂ ಜ್ಯೋತಿಷ್ಯದ ಪರ ನಿಲ್ಲಲಿಲ್ಲ. 1985ರಲ್ಲಿ ಅಮೆರಿಕದ ಭೌತವಿಜ್ಞಾನಿ ಶಾನ್ ಕಾರ್ಲ್‌ಸನ್ ನಡೆಸಿದ ಪರೀಕ್ಷೆಯಲ್ಲಿ, ಒಂದು ಜಾತಕಕ್ಕೆ ಮೂರು ವ್ಯಕ್ತಿತ್ವ ವರದಿಗಳಲ್ಲಿ ಯಾವುದು ಸೇರಿದ್ದೆಂದು ಜ್ಯೋತಿಷಿಗಳು ಆರಿಸಬೇಕಿತ್ತು. ಸರಿಯಾದದ್ದು ಸುಮಾರು ಮೂರರಲ್ಲಿ ಒಂದು, ಕಣ್ಣುಮುಚ್ಚಿ ಆರಿಸಿದಷ್ಟೇ. ನಮ್ಮಲ್ಲೇ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ, ಓದಿನಲ್ಲಿ ಜಾಣರಾದ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ 27 ಜ್ಯೋತಿಷಿಗಳಿಗೆ ಕೊಟ್ಟರು. 2009ರಲ್ಲಿ ಬಂದ ವರದಿಯ ಪ್ರಕಾರ ಸರಿಯುತ್ತರ ಶೇ. 46, ನಾಣ್ಯ ಚಿಮ್ಮಿ ಹೇಳಿದಷ್ಟೇ.

ಆದರೆ ನನ್ನ ಜಾತಕ ಓದಿದವರು ಹೇಳಿದ್ದು ಕರಾರುವಾಕ್ಕಾಗಿ ಹೊಂದಿತಲ್ಲ?

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಎಲ್ಲರಿಗೂ ಒಂದೇ ವರದಿ ಹಂಚಿದರು. ವಾಕ್ಯಗಳನ್ನು ಆರಿಸಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯ ಪುಸ್ತಕದಿಂದ. ವಿದ್ಯಾರ್ಥಿಗಳು ತಮಗೆ ಎಷ್ಟು ಹೊಂದುತ್ತದೆಂದು ಕೊಟ್ಟ ಅಂಕದ ಸರಾಸರಿ ಐದಕ್ಕೆ 4.26. ನಮ್ಮನ್ನು ಯಾರಾದರೂ ಸರಿಯಾಗಿ ನೋಡಲಿ ಎಂಬ ಹಸಿವು ಎಲ್ಲರಲ್ಲೂ ಎಷ್ಟಿದೆ ಎಂದು ನನಗೆ ಇದರಿಂದ ಕಾಣುತ್ತದೆ. ಆ ಹಸಿವನ್ನು ಬಳಸಿಕೊಳ್ಳುವವರ ಬಗ್ಗೆ ಎಚ್ಚರವಿರಲಿ.

ಹೀಗಿದ್ದಮೇಲೆ ಜಾತಕ ಯಾಕೆ ಬೇಕು?

ಬೇಕೇಬೇಕು ಎಂದೇನಿಲ್ಲ. ನಾನು ಅದನ್ನು ಬಿಡದಿರುವುದಕ್ಕೆ ಕಾರಣ ಒಂದೇ: ಒಂಬತ್ತು ಗ್ರಹಗಳಲ್ಲಿ ಒಂದಾದರೂ ಇಲ್ಲದ ಜಾತಕ ಇಲ್ಲ. ಎಂಥ ಸಾಧುವಿನ ಕುಂಡಲಿಯಲ್ಲೂ ಕುಜ ಇದ್ದಾನೆ. ಎಂಥ ಕಠೋರ ಮನುಷ್ಯನ ಕುಂಡಲಿಯಲ್ಲೂ ಚಂದ್ರ, ಶುಕ್ರ ಇದ್ದಾರೆ.

ವರಾಹಮಿಹಿರ ತನ್ನ ಜ್ಯೋತಿಷ್ಯ ಗ್ರಂಥ ಬೃಹಜ್ಜಾತಕದ ಎರಡನೇ ಅಧ್ಯಾಯವನ್ನು ಶುರುಮಾಡುವುದೇ ಹೀಗೆ. ಕಾಲವನ್ನೇ ಮನುಷ್ಯನಾಗಿ ಕಂಡ ಕಾಲಪುರುಷನಿಗೆ ಸೂರ್ಯ ಆತ್ಮ, ಚಂದ್ರ ಮನಸ್ಸು, ಕುಜ ಸತ್ವ, ಬುಧ ಮಾತು, ಗುರು ಜ್ಞಾನ ಮತ್ತು ಸುಖ, ಶುಕ್ರ ಕಾಮ, ಶನಿ ದುಃಖ. ಇಡೀ ಮನುಷ್ಯ ಒಂದೇ ಶ್ಲೋಕದಲ್ಲಿದ್ದಾನೆ, ದುಃಖಕ್ಕೂ ಕಾಮಕ್ಕೂ ಜ್ಞಾನದ ಪಂಕ್ತಿಯಲ್ಲೇ ಎಲೆ ಹಾಕಿದೆ. ಮನೆಯಲ್ಲಿ, ಶಾಲೆಯಲ್ಲಿ, ಆಫೀಸಿನಲ್ಲಿ ನಮಗೆ ಇವುಗಳಲ್ಲಿ ಎರಡೋ ಮೂರೋ ಸಾಕು ಎಂದು ಕಲಿಸಿರುತ್ತಾರೆ: ಬುಧ ಇರಲಿ, ಗುರು ಇರಲಿ, ಮಿಕ್ಕವರು ಸುಮ್ಮನಿರಲಿ. ಹಾಗಾಗಿ ಜಾತಕ ತೆರೆದಾಗ ನಾನು ಕೇಳುವ ಪ್ರಶ್ನೆ "ಮುಂದೆ ಏನಾಗುತ್ತದೆ" ಎಂಬುದಲ್ಲ. "ನಿಮ್ಮ ಕುಜ ಎಲ್ಲಿ ಹೋದ? ಕೊನೆಯ ಸಲ ಯಾವಾಗ ನೋಡಿದಿರಿ?" ಎಂದು ಕೇಳುತ್ತೇನೆ. ಜನ ತಮ್ಮ ಬಗ್ಗೆ ನೇರವಾಗಿ ಹೇಳಲು ಸಂಕೋಚಪಡುತ್ತಾರೆ, ಗ್ರಹದ ಹೆಸರಿನಲ್ಲಿ ಸಲೀಸಾಗಿ ಹೇಳುತ್ತಾರೆ. ಈ ಮಾತುಕತೆಗೆ ಗ್ರಹ ಆಕಾಶದಿಂದ ನಮ್ಮನ್ನು ಎಳೆದಾಡಬೇಕಾದ ಅಗತ್ಯವಿಲ್ಲ.

ನನಗೆ ಕುಜದೋಷ ಇದೆ ಎಂದು ಎರಡು ಸಂಬಂಧ ತಪ್ಪಿಹೋದವು. ನಾನು ಕೆಟ್ಟ ಯೋಗದವಳೇ?

ಖಂಡಿತ ಅಲ್ಲ. ಮೊದಲು ಲೆಕ್ಕ ನೋಡಿ. ನಮ್ಮ ಕಡೆಯ ರೂಢಿಯಲ್ಲಿ ಲಗ್ನದಿಂದ (ಹುಟ್ಟಿದ ಹೊತ್ತಿಗೆ ಮೂಡಣದಲ್ಲಿ ಏಳುತ್ತಿದ್ದ ರಾಶಿಯಿಂದ) 2, 4, 7, 8, 12ನೇ ಮನೆಗಳಲ್ಲಿ ಕುಜನಿದ್ದರೆ ದೋಷ ಎನ್ನುತ್ತಾರೆ. ಹನ್ನೆರಡು ಮನೆಗಳಲ್ಲಿ ಐದು ಇದಕ್ಕೇ ಹೋದವು. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಿದರೆ ದೋಷವಿಲ್ಲದವರೇ ಅಪರೂಪ. ಪರಿಹಾರ, ಅಪವಾದಗಳ ಪಟ್ಟಿ ಅಷ್ಟುದ್ದ ಬೆಳೆದಿರುವುದು ಇದೇ ಕಾರಣಕ್ಕೆ.

ಈಗ ವರಾಹಮಿಹಿರನ ಮಾತನ್ನು ಇದರ ಪಕ್ಕದಲ್ಲಿಡಿ. ಕುಜ ಎಂದರೆ ಸತ್ವ, ಕಸುವು, ಎದುರು ನಿಲ್ಲುವ ಗಟ್ಟಿತನ. ಹುಡುಗಿಯ ಕುಂಡಲಿಯಲ್ಲಿ ಮನೆಮಂದಿ ಅತಿ ಹೆಚ್ಚು ಹೆದರುವುದು ಇದೇ ಗ್ರಹಕ್ಕೆ. ಈ ಹೆದರಿಕೆ ಮದುವೆ ಮಾತುಕತೆಯಲ್ಲಿ ಶುರುವಾಗುವುದಿಲ್ಲ. ಐದು ವರ್ಷದ ಮಗು ಅಣ್ಣ ಕಿತ್ತುಕೊಂಡ ಆಟಿಕೆಗಾಗಿ ಕಿರುಚಿದಾಗ ಅಣ್ಣನಿಗೆ "ಹೋಗ್ಲಿ ಬಿಡೋ" ಎಂದರೆ, ಅವಳಿಗೆ "ಹೆಣ್ಣುಮಗು ಹಾಗೆ ಕಿರುಚಬಾರದು, ದನಿ ತಗ್ಗಿಸು" ಎಂಬ ಮಾತು ಬೀಳುತ್ತದೆ. ಹದಿನೈದರಲ್ಲಿ ಅವಳೇ ದನಿ ತಗ್ಗಿಸಿರುತ್ತಾಳೆ. ಮೂವತ್ತೈದರಲ್ಲಿ ತಲೆನೋವು, ಕುತ್ತಿಗೆ ಬಿಗಿತ, ಯಾವುದಕ್ಕೂ ಹುಮ್ಮಸ್ಸಿಲ್ಲ ಎನ್ನುತ್ತಾಳೆ. ಸಿಟ್ಟನ್ನು ಮಾತ್ರ ಬೇರ್ಪಡಿಸಿ ಹೂತಿಡಲು ಬರುವುದಿಲ್ಲ. ಅದೇ ಬೇರಿನಿಂದ ಬರುವ ಆಸೆ, ಆಟ, ಛಲ, ಹಾಸ್ಯ ಎಲ್ಲವೂ ಜೊತೆಗೇ ಹೋಗುತ್ತವೆ.

ಹಾಗಾಗಿ ನಿಮ್ಮ ಕುಜ ಯಾವ ಮನೆಯಲ್ಲಿದ್ದಾನೆ ಎಂಬುದನ್ನು ದೋಷವಾಗಿ ಓದಬೇಡಿ, ಪ್ರಶ್ನೆಯಾಗಿ ಓದಿ. ನಾಲ್ಕನೇ ಮನೆಯಲ್ಲಿದ್ದರೆ: ಹುಟ್ಟಿದ ಮನೆಯಲ್ಲಿ ಯಾರ ಸಿಟ್ಟಿಗೆ ಜಾಗವಿತ್ತು, ಯಾರದಕ್ಕೆ ಇರಲಿಲ್ಲ? ಏಳರಲ್ಲಿದ್ದರೆ: ಗಂಡನೋ ಸ್ನೇಹಿತರೋ ಮಾಡುವ ಜಗಳ, ನೀವು ಮಾಡಬೇಕಿದ್ದ ಜಗಳವೇ? ಎರಡರಲ್ಲಿದ್ದರೆ: ಊಟದ ಹೊತ್ತಿನಲ್ಲಿ ನುಂಗಿಕೊಂಡ ಮಾತು ಯಾವುದು? ಉತ್ತರ ಬರೆಯುತ್ತಾ ಹೋದಂತೆ ಕೈ ನಡುಗಿದರೆ ಒಂದು ದಿನ ಬಿಟ್ಟು ಬರೆಯಿರಿ. ಎದುರಿನವರ ಮೇಲೆ ಕೂಗಾಡಬೇಕಾಗಿಲ್ಲ. "ನನಗೆ ಇದು ಬೇಡ" ಎಂಬ ಮೂರು ಶಬ್ದವನ್ನು ಏರುದನಿಯಿಲ್ಲದೆ, ಕಣ್ಣೀರಿಲ್ಲದೆ, ಕ್ಷಮೆ ಕೇಳದೆ ಹೇಳಲು ಬಂದರೆ ಕುಜ ಮನೆಗೆ ಬಂದಹಾಗೆ.

ಏಳರಾಟದ ಶನಿ ನಡೆಯುತ್ತಿದೆ. ಅದಕ್ಕೇ ಉತ್ಸಾಹ ಇಲ್ಲವೇ?

ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ ಈ ಮೂರರಲ್ಲಿ ಶನಿ ಸಾಗುವ ಸುಮಾರು ಏಳೂವರೆ ವರ್ಷಕ್ಕೆ ಆ ಹೆಸರು. 2025ರ ಮಾರ್ಚ್ ಕೊನೆಯಲ್ಲಿ ಶನಿ ಮೀನಕ್ಕೆ ಬಂದಾಗಿನಿಂದ ಕುಂಭ, ಮೀನ, ಮೇಷದವರಿಗೆ ಇದೆ. ಅಂದರೆ ಯಾವ ಕಾಲದಲ್ಲೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ, ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಏಳರಾಟ ನಡೆಯುತ್ತಲೇ ಇರುತ್ತದೆ. ಅಷ್ಟು ಜನರ ಬದುಕು ಒಂದೇ ಸಲಕ್ಕೆ ಕುಸಿಯುವುದಿಲ್ಲ.

ಶನಿಯ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಇಟಲಿಯ ಫ್ಲಾರೆನ್ಸ್‌ನ ಮಾರ್ಸಿಲಿಯೋ ಫಿಚಿನೋ (1433–1499). ಮೆದಿಚಿ ಮನೆತನದ ವೈದ್ಯರ ಮಗ, ತತ್ತ್ವಜ್ಞಾನಿ, ಪಾದ್ರಿ. ಸ್ವಭಾವತಃ ವಿಷಾದದ ಮನುಷ್ಯ. ತನ್ನ ಜಾತಕದಲ್ಲಿ ಶನಿ ಕುಂಭದಲ್ಲಿ ಉದಯಿಸುತ್ತಿದ್ದಾನೆ, ಅದಕ್ಕೇ ಈ ಗತಿ ಎಂದು ಗೆಳೆಯ ಕವಲ್ಕಾಂತಿಗೆ ಬರೆದುಕೊಂಡರು. ನಿನ್ನ ಪಾಂಡಿತ್ಯ, ಆಳದ ಚಿಂತನೆ ಎಲ್ಲಿಂದ ಬಂತು ಎಂದುಕೊಂಡಿದ್ದೀಯ, ಶನಿಯನ್ನು ಬೈಯಬೇಡ ಎಂದು ಗೆಳೆಯ ಗದರಿದ. ಫಿಚಿನೋ ಒಪ್ಪಿಕೊಂಡರು. 1489ರಲ್ಲಿ ಓದುಬರಹದವರ ಆರೋಗ್ಯಕ್ಕೆಂದೇ ಪುಸ್ತಕ ಬರೆದರು. ಸದಾ ಯೋಚನೆಯಲ್ಲಿ ಮುಳುಗಿದವರ ಪ್ರಾಣಶಕ್ತಿ ಒಣಗುತ್ತದೆ. ಅದನ್ನು ತುಂಬಿಕೊಳ್ಳಲು ಸೂರ್ಯ, ಗುರು, ಶುಕ್ರರ ವಸ್ತುಗಳ ನಡುವೆ ಇರಿ, ಬೆಳಗಿನ ಬಿಸಿಲು, ಹಸಿರು, ಕೇಸರಿ, ಜೇನು, ಪರಿಮಳ, ಸಂಗೀತ ಎಂದರು. ತಾವೇ ತಂತಿವಾದ್ಯ ಹಿಡಿದು ಹಾಡುತ್ತಿದ್ದರು. ಶನಿಯನ್ನು ಓಡಿಸುವ ಮಾತು ಅಲ್ಲಿಲ್ಲ. ಶನಿಯ ಜೊತೆ ಮಿಕ್ಕವರನ್ನೂ ಮನೆಗೆ ಕರೆಯುವ ಮಾತಿದೆ.

ಶನಿ ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹಾಗಾಗಿ 29–30ರಲ್ಲಿ, ಮತ್ತೆ 58–59ರಲ್ಲಿ ಹುಟ್ಟಿದಾಗಿನ ಜಾಗಕ್ಕೆ ಮರಳುತ್ತಾನೆ. ನಮ್ಮಲ್ಲಿ ಮೊದಲನೆಯದು ಮದುವೆ, ಸಾಲ, ಜವಾಬ್ದಾರಿಗಳ ವಯಸ್ಸು. ಎರಡನೆಯದು ನಿವೃತ್ತಿಯ ವಯಸ್ಸು. ಆ ತಿರುವುಗಳಲ್ಲಿ ಸುಸ್ತಾಗಲು ಗ್ರಹದ ಕಾರಣವೇ ಬೇಕಿಲ್ಲ. ಆದರೆ "ನನ್ನ ಹೆಗಲ ಮೇಲಿರುವುದರಲ್ಲಿ ಯಾವುದು ನನ್ನದು, ಯಾವುದು ಬೇರೆಯವರದು" ಎಂದು ಕೂತು ಲೆಕ್ಕ ಹಾಕಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಶಾಂತಿ, ಹೋಮ, ಹರಳು ಮಾಡಿಸಬೇಕೇ?

ನಂಬಿಕೆಯಿದ್ದು ಸಂತೋಷದಿಂದ ಪೂಜೆ ಮಾಡಿಸುವುದಾದರೆ ನನ್ನ ಅಡ್ಡಿಯೇನೂ ಇಲ್ಲ. ದೀಪ ಹಚ್ಚಿ ಕೈಮುಗಿದು ನಿಂತ ಹತ್ತು ನಿಮಿಷ ಮನಸ್ಸಿಗೆ ಏನು ಮಾಡುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹೆದರಿಸಿ ದುಡ್ಡು ಕೇಳಿದರೆ ಎದ್ದು ಬನ್ನಿ. ಸಾಲ ಮಾಡಿ ಹರಳು ಕೊಳ್ಳಬೇಡಿ. 12ನೇ ಶತಮಾನದಲ್ಲೇ ಬಸವಣ್ಣನವರು, ನಮ್ಮವರು ಬಂದು ಕೇಳಿದರೆ ಶುಭಲಗ್ನವೆನ್ನಿ, ಚಂದ್ರಬಲ ತಾರಾಬಲ ಉಂಟೆನ್ನಿ, ನಾಳೆಗಿಂತ ಇಂದೇ ಒಳ್ಳೆಯದೆನ್ನಿ ಎಂದು ಜ್ಯೋತಿಷಿಗಳನ್ನು ಕೇಳಿಕೊಂಡಿದ್ದರು.

ಪತ್ರಿಕೆಯ ಇಂಗ್ಲಿಷ್ ರಾಶಿ ಒಂದು ಹೇಳುತ್ತದೆ, ಪಂಚಾಂಗದ ರಾಶಿ ಇನ್ನೊಂದು. ಯಾವುದು ನಾನು?

ನಮ್ಮಲ್ಲಿ ರಾಶಿ ಎಂದರೆ ಚಂದ್ರನಿರುವ ರಾಶಿ. ಅಲ್ಲಿ ಸೂರ್ಯನಿರುವ ರಾಶಿ. ಅದೂ ಅಲ್ಲದೆ ಅವರ ಗಣನೆ ಋತುಗಳನ್ನು ಹಿಡಿದು ಸಾಗುತ್ತದೆ, ನಮ್ಮದು ನಕ್ಷತ್ರಗಳನ್ನು. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ. ಜುಲೈ 26ರಂದು ಹುಟ್ಟಿದ ಯೂಂಗ್ ಇಂಗ್ಲಿಷ್ ಲೆಕ್ಕದಲ್ಲಿ ಸಿಂಹದವರು, ನಮ್ಮ ಲೆಕ್ಕದಲ್ಲಿ ಅವರ ಸೂರ್ಯ ಕರ್ಕಾಟಕದಲ್ಲಿ. ಪತ್ರಿಕೆಯ ರಾಶಿಫಲ ಇನ್ನೂ ಹೊಸದು, 1930ರಲ್ಲಿ ಲಂಡನ್ನಿನ ಭಾನುವಾರದ ಪತ್ರಿಕೆಯೊಂದು ರಾಜಕುಮಾರಿ ಮಾರ್ಗರೆಟ್‌ರ ಜಾತಕ ಹಾಕಿಸಿದ ಮೇಲೆ ಹಬ್ಬಿದ್ದು. ಒಂದು ಪದ್ಧತಿ ಹಿಡಿದು ಅದರಲ್ಲೇ ಇರಿ. "ನಾನು ವೃಶ್ಚಿಕ, ಅದಕ್ಕೇ ಹೀಗೆ" ಎಂಬ ಮಾತು ನಾಲಿಗೆಗೆ ಬಂದ ಕೂಡಲೇ ಎಚ್ಚರವಾಗಿ. ಅದು ಇನ್ನೊಂದು ಮುಖವಾಡವಾಗಲು ತಡವಾಗುವುದಿಲ್ಲ.

ನನ್ನತನ ಹುಡುಕಿಕೊಂಡು ಹೋಗುವುದು ಸ್ವಾರ್ಥವಲ್ಲವೇ? ಅಪ್ಪ ಅಮ್ಮ, ಮಕ್ಕಳು ಇದ್ದಾರೆ.

ಈ ಪ್ರಶ್ನೆ ಕೇಳುವವರಲ್ಲಿ ಸ್ವಾರ್ಥಿಗಳನ್ನು ನಾನು ನೋಡಿಲ್ಲ. ಎಲ್ಲ ಬಿಟ್ಟು ಹೊರಟುಬಿಡುವುದನ್ನು ಯೂಂಗ್ ಕೂಡ ಬೋಧಿಸಲಿಲ್ಲ. ಒಳಗಿನ ಬಿರುಗಾಳಿಯಲ್ಲಿ ಸಿಕ್ಕಿದ್ದ ವರ್ಷಗಳಲ್ಲಿ ತಮ್ಮನ್ನು ನೆಲಕ್ಕೆ ಹಿಡಿದಿಟ್ಟದ್ದು ಹೆಂಡತಿ ಮಕ್ಕಳು ಮತ್ತು ದಿನಾ ಬರುವ ರೋಗಿಗಳೇ ಎಂದು ಅವರು ಕೃತಜ್ಞತೆಯಿಂದ ನೆನೆದಿದ್ದಾರೆ. ಅಮ್ಮನಿಗೆ ಮಾತ್ರೆ ಕೊಡುವುದು, ಮಗುವಿನ ಫೀಸು ಕಟ್ಟುವುದು ನಿಮ್ಮನ್ನು ಬರಿದು ಮಾಡುವುದಿಲ್ಲ. ಬರಿದು ಮಾಡುವುದು ಹಲ್ಲುಕಚ್ಚಿಕೊಂಡು ನಗುತ್ತಾ ಮಾಡುವುದು. "ಅಮ್ಮ, ಈ ಭಾನುವಾರ ಬರಲ್ಲ, ಮುಂದಿನ ವಾರ ಬಂದು ಎರಡು ದಿನ ಇರ್ತೀನಿ" ಎಂದು ಹೇಳಿ ನೋಡಿ. ಬೇಸರ ಆಗುತ್ತದೆ, ಇಬ್ಬರಿಗೂ. ಸಂಬಂಧ ಮುರಿಯುವುದಿಲ್ಲ.

ಯೂಂಗ್ ಹೇಳುವ ಪೂರ್ಣವಾದ 'ನಾನು' ನಮ್ಮ ವೇದಾಂತದ ಆತ್ಮವೇ?

ಹತ್ತಿರ ಬಂದು ಬೇರೆಯಾಗುತ್ತವೆ. 1937ರ ಕೊನೆಯಲ್ಲಿ ಭಾರತಕ್ಕೆ ಬಂದ ಯೂಂಗ್ ಕಲ್ಕತ್ತೆಯಲ್ಲಿ ಆಮಶಂಕೆಯಾಗಿ ಆಸ್ಪತ್ರೆ ಸೇರಿದ್ದರು, ಆಮೇಲೆ ದಕ್ಷಿಣಕ್ಕೂ ಬಂದರು. ಮೈಸೂರು ಮಹಾರಾಜರ ಅತಿಥಿಯಾಗಿದ್ದು, ಮಹಾರಾಜರಿಗೆ ಗುರುವಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಜೊತೆ ದೀರ್ಘವಾಗಿ ಚರ್ಚಿಸಿದರು. ಆ ಮಾತುಗಳನ್ನು ತಮ್ಮ ನೆನಪುಗಳಲ್ಲಿ ಗೌರವದಿಂದ ದಾಖಲಿಸಿದ್ದಾರೆ. ತಿರುವಣ್ಣಾಮಲೈಗೆ ಹೋಗಿ ರಮಣ ಮಹರ್ಷಿಗಳನ್ನು ಕಾಣಲಿಲ್ಲ. ಅಹಂಕಾರ ಪೂರ್ತಿ ಕರಗಿದಮೇಲೂ ಅರಿವು ಉಳಿಯುತ್ತದೆ ಎಂಬುದನ್ನು ಯೂಂಗ್ ಒಪ್ಪಲಿಲ್ಲ. ಅರಿವಿಗೆ ಅರಿಯುವವನೊಬ್ಬ ಬೇಕು ಎಂದೇ ಹಿಡಿದರು. ವೇದಾಂತಿ ನಾಮರೂಪ ದಾಟಲು ಹೇಳುತ್ತಾನೆ, ಯೂಂಗ್ ಅವುಗಳ ಒಳಗೇ ಇಳಿಯಲು ಹೇಳುತ್ತಾರೆ. ನನ್ನ ಅನುಭವದಲ್ಲಿ, ತನ್ನ ಸಿಟ್ಟು ಆಸೆಗಳನ್ನು ಇನ್ನೂ ಭೇಟಿಯೇ ಆಗದವರು ಅವನ್ನು ದಾಟಿದ್ದೇನೆ ಎನ್ನುವುದು ಅವಸರದ ಮಾತು.

ಹೋದ ಹುರುಪು ವಾಪಸ್ ಬರಲು ಎಲ್ಲಿಂದ ಶುರುಮಾಡಲಿ?

ಮಗುವಾಗಿದ್ದಾಗ ಯಾವ ಆಟದಲ್ಲಿ ಊಟ ಮರೆಯುತ್ತಿದ್ದಿರಿ, ಅಲ್ಲಿಂದ.

ಯೂಂಗ್ ಮಾಡಿದ್ದೂ ಇದನ್ನೇ. ಫ್ರಾಯ್ಡ್ ಜೊತೆಗಿನ ನಂಟು ಕಡಿದಮೇಲೆ, ಸುಮಾರು ಮೂವತ್ತೆಂಟರ ವಯಸ್ಸಿನಲ್ಲಿ, ಅವರಿಗೆ ದಿಕ್ಕೇ ತೋಚಲಿಲ್ಲ. ಹತ್ತು ಹನ್ನೊಂದರ ವಯಸ್ಸಿನಲ್ಲಿ ಕಲ್ಲು, ಮಣ್ಣು ಸೇರಿಸಿ ಪುಟ್ಟ ಮನೆ, ಕೋಟೆ ಕಟ್ಟುತ್ತಿದ್ದದ್ದು ನೆನಪಾಯಿತು. ಆ ಹುಡುಗನಲ್ಲಿ ಜೀವ ಇದೆ, ನನ್ನಲ್ಲಿ ಇಲ್ಲ ಅನ್ನಿಸಿತು. ಹೆಸರಾಂತ ವೈದ್ಯನೊಬ್ಬ ಮಕ್ಕಳ ಹಾಗೆ ಆಡುವುದು ಅವಮಾನವೆನ್ನಿಸಿದರೂ ಜ್ಯೂರಿಕ್ ಸರೋವರದ ದಂಡೆಯಲ್ಲಿ ಕಲ್ಲು ಆರಿಸತೊಡಗಿದರು. ದಿನಾ ಮಧ್ಯಾಹ್ನ ಊಟವಾದ ಕೂಡಲೇ, ರೋಗಿಗಳು ಬರುವ ತನಕ. ಗುಡಿಸಲುಗಳು, ಒಂದು ಕೋಟೆ, ಒಂದು ಊರೇ ಆಯಿತು. ಚರ್ಚು ಕಟ್ಟಿದರು, ಒಳಗೆ ಪೂಜಾಪೀಠ ಇಡಲು ಮಾತ್ರ ಕೈ ಬರಲಿಲ್ಲ. ಒಂದು ದಿನ ನೀರಂಚಿನ ಜಲ್ಲಿಯಲ್ಲಿ ಒಂದೂವರೆ ಇಂಚಿನ ಕೆಂಪು ಕಲ್ಲು ಕಣ್ಣಿಗೆ ಬಿತ್ತು, ನೀರು ಸವೆಸಿ ನಾಲ್ಕು ಮುಖದ ಗೋಪುರದಂತಾಗಿತ್ತು. ಅದೇ ಪೀಠವಾಯಿತು. ಅದನ್ನು ಇಟ್ಟ ಗಳಿಗೆಯಲ್ಲಿ, ಬಾಲ್ಯದಲ್ಲಿ ಕಂಡು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಕನಸು ನೆನಪಿಗೆ ಬಂತು. ಅದೇ ಕಾಲದಲ್ಲಿ ಮೇಲೆದ್ದ ದೃಶ್ಯಗಳನ್ನು ಅವರು ಚಿತ್ರ ಸಮೇತ ಬರೆದಿಟ್ಟ ಕೆಂಪು ಹೊದಿಕೆಯ ದೊಡ್ಡ ಪುಸ್ತಕ ಅಚ್ಚಾದದ್ದು 2009ರಲ್ಲಿ.

ನಿಮ್ಮದು ರಂಗೋಲಿ ಇರಬಹುದು, ಕೊಳಲು, ಕಬಡ್ಡಿ, ಯಕ್ಷಗಾನದ ಕುಣಿತ, ಹಳೇ ರೇಡಿಯೋ ಬಿಚ್ಚುವುದು ಇರಬಹುದು. ದಿನಕ್ಕೆ ಅರ್ಧ ಗಂಟೆ ಸಾಕು. ಯಾರಿಗೂ ತೋರಿಸಬೇಡಿ, ಫೋಟೋ ಹಾಕಬೇಡಿ. ನೋಡುವವರು ಬಂದರೆ ಮುಖವಾಡವೂ ಬಂದು ಕೂರುತ್ತದೆ.

ಕನಸು ಬರೆದಿಡಬೇಕೇ?

ಬರೆದಿಡಿ, ಎದ್ದ ಕೂಡಲೇ, ಮೊಬೈಲ್ ಮುಟ್ಟುವ ಮೊದಲು. ಹಾವು ಕಂಡರೆ ಇದು, ಹಲ್ಲು ಬಿದ್ದರೆ ಅದು ಎಂಬ ಪಟ್ಟಿಗಳನ್ನು ಬದಿಗಿಡಿ. ಕನಸಿನಲ್ಲಿ ಬಂದವರು ನಿಮಗೆ ಏನು, ಅಲ್ಲಿ ನೀವು ಏನು ಮಾಡದೆ ಬಿಟ್ಟಿರಿ ಎಂದು ಕೇಳಿಕೊಳ್ಳಿ.

ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದೇನೆ. ದಶೆ ಬದಲಾಗುವಾಗ ನಿಲ್ಲಿಸಬಹುದೇ?

ಬೇಡ. ಮಾತ್ರೆ ಕಡಿಮೆ ಮಾಡುವುದು, ನಿಲ್ಲಿಸುವುದು ಬರೆದುಕೊಟ್ಟ ಡಾಕ್ಟರ ಜೊತೆ ಮಾತಾಡಿಯೇ ಆಗಬೇಕು. ಬದುಕು ಸಾಕು ಅನ್ನಿಸುವಷ್ಟು ಕಷ್ಟವಿದ್ದರೆ ಯಾವ ಜಾತಕಕ್ಕೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಗುವಿನ ಜಾತಕ ಬರೆಸಿದ್ದೇವೆ. ಅದರ ಎದುರು ಹೇಳಬಹುದೇ?

ದಯವಿಟ್ಟು ಬೇಡ. "ಇವನಿಗೆ ವಿದ್ಯೆ ಹತ್ತಲ್ಲ ಅಂತ ಇದೆ", "ಮೂಲಾ ನಕ್ಷತ್ರ, ಮಾವನಿಗಾಗಲ್ಲ" ಎಂಬ ಮಾತು ಮಗುವಿನ ಕಿವಿಗೆ ಬಿದ್ದರೆ ಅಲ್ಲೇ ಉಳಿಯುತ್ತದೆ.

ನನಗೆ ಹುಟ್ಟಿದ ಸಮಯವೇ ಗೊತ್ತಿಲ್ಲ. ಏನು ಮಾಡಲಿ?

ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಮನೆಗಳ ಲೆಕ್ಕ ಸಿಗುವುದಿಲ್ಲ. ಚಂದ್ರ ಒಂದು ರಾಶಿಯಲ್ಲಿ ಎರಡೂಕಾಲು ದಿನ ಇರುವುದರಿಂದ ತಾರೀಕು ಗೊತ್ತಿದ್ದರೆ ಬಹುಪಾಲು ಜನರಿಗೆ ರಾಶಿ ಸಿಗುತ್ತದೆ. ತಾರೀಕೂ ಗೊತ್ತಿಲ್ಲದಿದ್ದರೆ, ಅಥವಾ ಇದರಲ್ಲಿ ನಂಬಿಕೆಯೇ ಇಲ್ಲದಿದ್ದರೆ, ಒಂದು ನೋಟ್‌ಬುಕ್ಕಿನಲ್ಲಿ ಏಳು ಹಾಳೆ ತೆಗೆದು ವರಾಹಮಿಹಿರನ ಏಳು ಹೆಸರನ್ನೂ ತಲೆಯ ಮೇಲೆ ಬರೆಯಿರಿ: ಆತ್ಮ, ಮನಸ್ಸು, ಸತ್ವ, ಮಾತು, ಜ್ಞಾನ ಮತ್ತು ಸುಖ, ಕಾಮ, ದುಃಖ. ಪ್ರತಿಯೊಂದರ ಕೆಳಗೆ, ನಮ್ಮ ಮನೆಯಲ್ಲಿ ಇದಕ್ಕೆ ಎಷ್ಟು ಜಾಗವಿತ್ತು, ಈಗ ನನ್ನ ವಾರದಲ್ಲಿ ಎಷ್ಟು ಹೊತ್ತಿದೆ ಎಂದು ಬರೆಯಿರಿ. ಯಾವ ಹಾಳೆ ಖಾಲಿ ಉಳಿಯಿತೋ ಅದನ್ನು ಮೊದಲು ಕೈಗೆತ್ತಿಕೊಳ್ಳಿ.